ಕರ್ಲಿಂಗ್: ಕಲಿಸುವವರಿಗೂ ಗೌರವ ಸಲ್ಲಲಿ

ಮಾನ್ಯರೇ,

ಕರ್ಲಿಂಗ್ ಎಂದರೆ ಮಂಜುಗಡ್ಡೆಯ ಮೇಲೆ ಭಾರವಾದ ಗ್ರಾನೈಟ್ ಕಲ್ಲನ್ನು ಗುರಿಯತ್ತ ಜಾರಿಸುವ ತಂಡದ ಆಟ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಒಂದೂ ಪಂದ್ಯ ಸೋಲದೆ ಚಿನ್ನ ಗೆದ್ದ ಕೆನಡಾದ ಮಹಿಳಾ ಕರ್ಲಿಂಗ್ ತಂಡದ ನಾಯಕಿ ಜೆನ್ನಿಫರ್ ಜೋನ್ಸ್ ನಮ್ಮ ವಿನ್ನಿಪೆಗ್‌ನವರು. ಅವರಿಗೆ ಸಂದ ಗೌರವ ಅರ್ಹವಾದುದೇ. ಆದರೆ ಇಂತಹ ಆಟಗಾರರು ಮೊದಲ ಹೆಜ್ಜೆ ಇಡುವ ಊರಿನ ಕ್ಲಬ್‌ಗಳಲ್ಲಿ ಸಂಬಳವಿಲ್ಲದೆ ಕಲಿಸುವವರನ್ನು ನಾವು ಎಷ್ಟರಮಟ್ಟಿಗೆ ನೆನೆಯುತ್ತೇವೆ?

ನನ್ನ ಮಗಳು ಹೋಗುವ ಕ್ಲಬ್‌ನಲ್ಲಿ ನಿವೃತ್ತರೊಬ್ಬರು ಚಳಿಗಾಲದ ಪ್ರತಿ ಶನಿವಾರ ಬೆಳಿಗ್ಗೆ ಮಂಜುಗಡ್ಡೆಯ ಮೇಲೆ ಮಂಡಿಯೂರಿ, ಗ್ರಾನೈಟ್ ಕಲ್ಲಿನ ಹಿಡಿಕೆಯ ಮೇಲೆ ಮಕ್ಕಳ ಬೆರಳುಗಳನ್ನು ಒಂದೊಂದಾಗಿ ಸರಿಪಡಿಸಿ, ಕಲ್ಲನ್ನು ಕೈಬಿಡುವ ಗಳಿಗೆಯಲ್ಲಿ ಮಣಿಕಟ್ಟನ್ನು ಎಷ್ಟು ತಿರುಗಿಸಬೇಕೆಂದು ತೋರಿಸಿಕೊಡುತ್ತಾರೆ. ಆ ಅಲ್ಪ ತಿರುವಿನಿಂದಲೇ ಕಲ್ಲಿನ ದಾರಿ ಬಾಗುತ್ತದೆ. ಜಾರುವ ಕಲ್ಲಿನ ಮುಂದೆ ಮಂಜುಗಡ್ಡೆಯನ್ನು ಬ್ರಷ್‌ನಿಂದ ಉಜ್ಜುವವರು ಅದನ್ನು ಇನ್ನಷ್ಟು ದೂರಕ್ಕೆ, ನೇರವಾಗಿ ಒಯ್ಯಬಲ್ಲರು. ಕ್ರಿಕೆಟ್ ಬಿಟ್ಟು ಬೇರೇನೂ ಅರಿಯದೆ ಕರ್ನಾಟಕದಿಂದ ಬಂದ ನನಗೂ ಈ ಸೂಕ್ಷ್ಮವನ್ನು ಬಿಡಿಸಿ ಹೇಳಿದವರು ಅವರೇ.

ಅದೇ ಕ್ಲಬ್‌ನ ಗೋಡೆಯ ಮೇಲೆ ಟ್ರೋಫಿ ಗೆದ್ದವರ ಹೆಸರುಗಳ ಸಾಲು ಸಾಲು ಫಲಕಗಳಿದ್ದರೂ ಕಲಿಸಿದವರ ಒಂದು ಹೆಸರೂ ಇಲ್ಲ. ಕೆನಡಾದ ರಾಷ್ಟ್ರೀಯ ಕರ್ಲಿಂಗ್ ಹಾಲ್ ಆಫ್ ಫೇಮ್ (ಸಾಧಕರ ಗೌರವ ಪಟ್ಟಿ) ಆಟಗಾರರ ಜೊತೆಗೆ ಕ್ರೀಡೆಯನ್ನು ಕಟ್ಟಿದವರನ್ನೂ ಸೇರಿಸಿಕೊಳ್ಳುತ್ತಿರುವಾಗ ಕ್ಲಬ್‌ಗಳಿಗೇಕೆ ಹಿಂಜರಿಕೆ? ಋತುವಿನ ಕೊನೆಯ ಬಹುಮಾನ ವಿತರಣೆಯಲ್ಲಿ ಸ್ವಯಂಸೇವಕ ತರಬೇತುದಾರರನ್ನು ವೇದಿಕೆಗೆ ಕರೆದು, ಮಕ್ಕಳ ಕೈಯಿಂದಲೇ ಸನ್ಮಾನಿಸಬೇಕು; ಅವರ ತರಬೇತಿ ಪ್ರಮಾಣಪತ್ರದ ಶುಲ್ಕವನ್ನೂ ಕ್ಲಬ್ಬೇ ಭರಿಸಬೇಕೆಂದು ವಿನಂತಿ.

— ಕನ್ನಡಿಗ ಪೋಷಕರೊಬ್ಬರು, ವಿನ್ನಿಪೆಗ್, ಕೆನಡಾ