ಗದ್ದೆಯ ನೀರು, ದನದ ತೇಗು

ಸಂಪಾದಕರೇ,

ಕೃಷಿಯಿಂದ ಹೊಮ್ಮಿ ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲದ ಮಾತು ಬಂದಾಗಲೆಲ್ಲ ಭಾರತ, ಚೀನಾಗಳನ್ನು ಒಂದೇ ತಕ್ಕಡಿಗೆ ಹಾಕುತ್ತಾರೆ. ಆದರೆ ಎರಡೂ ದೇಶ ಸಾಗಿ ಬಂದ ದಾರಿ ಬೇರೆ. 1980ರಿಂದ 2000ದ ನಡುವೆ ಚೀನಾದ ಬಹುಪಾಲು ರೈತರು ಗದ್ದೆಯಲ್ಲಿ ಸದಾ ನೀರು ನಿಲ್ಲಿಸುವುದನ್ನು ಬಿಟ್ಟು, ಬೆಳೆಯ ನಡುವೆ ನೀರು ಬಸಿದು ನೆಲ ಒಣಗಿಸುವ ರೂಢಿಗೆ ಹೊರಳಿದರು. ಹವಾಮಾನದ ಚಿಂತೆಯಿಂದಲ್ಲ, ನೀರು ಉಳಿಯಲಿ, ಇಳುವರಿ ಹೆಚ್ಚಲಿ ಎಂದು! ಮಣ್ಣಿಗೆ ಗಾಳಿ ತಾಗಿದರೆ ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳ ಆಟ ನಡೆಯದು. ಅಲ್ಲಿನ ಗದ್ದೆಗಳ ಮೀಥೇನ್ ತಾನಾಗಿ ಇಳಿಯಿತು.

ನಮ್ಮಲ್ಲಿ ಕೃಷಿಯ ಮೀಥೇನಿನ ದೊಡ್ಡ ಪಾಲು ಮೆಲುಕು ಹಾಕುವ ರಾಸುಗಳ ತೇಗಿನಿಂದ ಬರುವಂಥದ್ದು. 2019ರ ಜಾನುವಾರು ಗಣತಿಯಂತೆ ದನ, ಎಮ್ಮೆ ಸೇರಿ 30 ಕೋಟಿ ದಾಟಿವೆ. ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರಿಗೆ ತೇಗಿನ ಲೆಕ್ಕ ಹೇಳುವುದು ಹೇಗೆ? ಮೀಥೇನ್ ಇಳಿಸುತ್ತೇವೆಂದು ಹಲವು ದೇಶಗಳು ಮಾಡಿದ 2021ರ ಜಾಗತಿಕ ಮೀಥೇನ್ ಪ್ರತಿಜ್ಞೆಗೆ ಭಾರತ ಸೇರದಿದ್ದುದು ನನಗಂತೂ ಅರ್ಥವಾಗುತ್ತದೆ. ಚೀನಾವೂ ಸೇರಲಿಲ್ಲ, ಅದಿರಲಿ.

ಗದ್ದೆಯ ವಿಷಯದಲ್ಲಿ ಮಾತ್ರ ನೆಪ ಹೇಳಲಾಗದು. ತುಂಗಭದ್ರಾ ಕಾಲುವೆಯ ಕೊನೆಭಾಗದ ರೈತರು ನೀರಿಗೆ ಕಾಯುವಾಗಲೂ ಮೇಲ್ಭಾಗದ ಗದ್ದೆಗಳು ತುಂಬಿ ನಿಂತಿರುತ್ತವೆ. ಕಾಲುವೆಗೆ ನೀರು ಬಿಡುವ ಸರದಿಯನ್ನು ಗದ್ದೆ ಒಣಗಿಸುವ ದಿನಗಳಿಗೆ ಹೊಂದಿಸಲು ನೀರಾವರಿ, ಕೃಷಿ ಇಲಾಖೆಗಳು ಒಟ್ಟಿಗೆ ಕೂರಲಿ.

— ಭತ್ತದ ಬೆಳೆಗಾರ, ಗಂಗಾವತಿ