ತೋಡಿನ ಸೇತುವೆ: ಅಗಲವಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಉಡುಪಿಯ ಕಲ್ಸಂಕದ ಹೆಸರಿನಲ್ಲೇ ಕಲ್ಲಿನ ಸಂಕವೊಂದು ಉಳಿದುಕೊಂಡಿದೆ. ಕಾಲ್ನಡಿಗೆಗೂ ಎತ್ತಿನ ಗಾಡಿಗೂ ಸಾಕಾಗುತ್ತಿದ್ದ ಕಿರುಸೇತುವೆಗಳ ಮೇಲೆ ಕರಾವಳಿಯ ಒಳರಸ್ತೆಗಳಲ್ಲಿ ಇಂದು ಕೆಂಪುಕಲ್ಲಿನ ಲಾರಿಗಳೂ ಶಾಲಾ ಬಸ್ಸುಗಳೂ ಓಡಾಡುತ್ತಿವೆ.

ಇವನ್ನು ಮರುನಿರ್ಮಿಸುವಾಗ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಎರಡು ಪಥಗಳಿಗೆ 7.5 ಮೀಟರ್ ಅಗಲವನ್ನೂ ಭಾರೀ ವಾಹನಗಳ ಹೊರೆಯನ್ನೂ ಲೆಕ್ಕ ಹಾಕಿದರೆ ಸಾಲದು, ನೀರಿನ ದಾರಿಯನ್ನೂ ಅಷ್ಟೇ ಎಚ್ಚರದಿಂದ ಅಳೆಯಬೇಕು. ನಡುವೆ ಕಂಬಗಳಿರುವ ಕಿರಿದಾದ ಕಿಂಡಿಗಳಲ್ಲಿ ಮಳೆಗಾಲದಲ್ಲಿ ತೆಂಗಿನ ಮಡಲು, ಮರದ ದಿಮ್ಮಿ (ಈಚೆಗೆ ಪ್ಲಾಸ್ಟಿಕ್ಕೇ ಹೆಚ್ಚು) ಸಿಕ್ಕಿಕೊಂಡು, ತೋಡಿನ (ಸಣ್ಣ ಹಳ್ಳದ) ನೀರು ಗದ್ದೆ, ಅಂಗಳಗಳಿಗೆ ನುಗ್ಗುತ್ತದೆ. 2020ರ ಸೆಪ್ಟೆಂಬರ್‌ನ ನೆರೆಯಲ್ಲಿ ಉಡುಪಿಯ ಇಂದ್ರಾಣಿ ಹೊಳೆಯ ದಂಡೆಯ ನಿವಾಸಿಗಳು ಪಟ್ಟ ಪಾಡು ಇನ್ನೂ ನೆನಪಿನಲ್ಲಿದೆ. ಖರ್ಚು ತುಸು ಹೆಚ್ಚಾದರೂ, ಸಣ್ಣ ತೋಡುಗಳಿಗೆ ನಡುಗಂಬವಿಲ್ಲದ, ಒಂದೇ ಅಂಕಣದ ಸೇತುವೆಯೇ ಮೇಲೆಂದು ನನ್ನ ಅಭಿಪ್ರಾಯ.

ಕಾಮಗಾರಿಯ ಕಾಲವೂ ಮುಖ್ಯ. ನಮ್ಮೂರಿನಲ್ಲಿ ಬದಲಿ ದಾರಿಗೆಂದು ತೋಡಿಗೆ ಸುರಿದ ಮಣ್ಣನ್ನು ಜೂನ್ ತಿಂಗಳಾದರೂ ತೆಗೆದಿರಲಿಲ್ಲ. ಮೊದಲ ಮಳೆಗೇ ಅದು ಕೊಚ್ಚಿಹೋಗಿ ಕೆಳಗಿನ ಕಿಂಡಿ ಅಣೆಕಟ್ಟಿನ ಬಾಯಿಗೆ ತುಂಬಿತು. ಮಣ್ಣು ತೆರವುಗೊಳಿಸಿದ ಮೇಲೆಯೇ ಗುತ್ತಿಗೆದಾರರಿಗೆ ಕೊನೆಯ ಕಂತಿನ ಹಣ ಪಾವತಿಸುವಂತೆ ಟೆಂಡರಿನಲ್ಲೇ ಷರತ್ತು ಸೇರಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.

– ಓರ್ವ ಓದುಗ, ಉಡುಪಿ