ಕೆರೆ ಒಡೆಯೋದನ್ನೇ ಕಾಯ್ತಾ ಕೂತಿದೀನಿ

ಸಂಪಾದಕರಿಗೆ ನಮಸ್ಕಾರ,

ನಾನು ತಿಪಟೂರು ಕಡೆಯವನು, ರಿಟೈರ್ಡ್, ನವೆಂಬರಿಂದ ಅಮೆರಿಕದ ಮ್ಯಾಡಿಸನ್ನಲ್ಲಿ ಮಗನ ಮನೇಲಿದೀನಿ, ನಿಮ್ಮ ಪೇಪರ್ ಇಲ್ಲೂ ಮೊಬೈಲಲ್ಲಿ ದಿನಾ ಓದ್ತೀನಿ. ಅದ್ರಲ್ಲಿ ಬರೀ ಬಿಸಿಲು, ಟ್ಯಾಂಕರ್ ನೀರು, ಬತ್ತಿದ ಕೆರೆ. ಇಲ್ಲಿ ಮಾರ್ಚ್ ಮುಗೀತಾ ಬಂತು, ಮನೆ ಹತ್ರದ ಮೆಂಡೋಟಾ ಕೆರೆ ಇನ್ನೂ ಐಸ್ ಹೊದ್ಕೊಂಡು ಮಲಗಿದೆ. ಸಣ್ಣ ಕೆರೆ ಅಲ್ಲ ಸ್ವಾಮಿ, ಸುಮಾರು 40 ಚದರ ಕಿಲೋಮೀಟರ್. ಜನವರೀಲಿ ಅದ್ರ ಮೇಲೆ ಟೆಂಟ್ ಹಾಕಿ, ಐಸಲ್ಲಿ ತೂತು ಕೊರೆದು, ಸ್ಟೂಲ್ ಮೇಲೆ ಕೂತು ಮೀನು ಹಿಡೀತಿದ್ರು, ನಾನೂ ಒಂದಿನ ಧೈರ್ಯ ಮಾಡಿ ಹತ್ತು ಹೆಜ್ಜೆ ಹೋಗಿ ವಾಪಸ್ ಬಂದೆ.

ಈಗ ಎಲ್ರದ್ದೂ ಒಂದೇ ಮಾತು, ಈ ಸಲ ಐಸ್ ಒಡೆದು ಕೆರೆ ಯಾವತ್ತು ಓಪನ್ ಆಗುತ್ತೆ ಅಂತ. ನಾನು ಮನೇಲಿ 'ಕೆರೆ ಒಡೆಯೋದನ್ನ ಕಾಯ್ತಿದೀನಿ' ಅಂದ್ರೆ ನಮ್ಮನೆಯವಳು 'ಅಪಶಕುನ ನುಡೀಬೇಡಿ' ಅಂತ ಗದರ್ತಾಳೆ, ನಮ್ಮ ಕಡೆ ಕೆರೆ ಒಡೀತು ಅಂದ್ರೆ ಊರೇ ಹೋಯ್ತು ಅಂತ ಅಲ್ವಾ.

ನಾನು ಬರೀತಿರೋದು ಬೇರೆ ವಿಷ್ಯಕ್ಕೆ. ಈ ಕೆರೆ ಯಾವತ್ತು ಹೆಪ್ಪುಗಟ್ತು, ಯಾವತ್ತು ಕರಗ್ತು ಅನ್ನೋದನ್ನ ಇಲ್ಲಿ 1850ರ ದಶಕದಿಂದ ಬರೆದಿಟ್ಟಿದಾರೆ. ಕರಗ್ತು ಅನ್ನೋಕೆ ಲೆಕ್ಕ ಏನಪ್ಪಾ ಅಂದ್ರೆ, ಪಿಕ್ನಿಕ್ ಪಾಯಿಂಟ್ ಅನ್ನೋ ಜಾಗದಿಂದ ಆ ಕಡೆ ಮೇಪಲ್ ಬ್ಲಫ್‌ವರೆಗೂ ಒಂದು ದೋಣಿ ಹೋಗೋಕಾಗ್ಬೇಕು, ಅಷ್ಟೇ. 1880-81ರ ಚಳೀಲಿ 161 ದಿನ ಐಸ್ ಇತ್ತಂತೆ, 2001-02ರಲ್ಲಿ ಬರೀ 21 ದಿನ. ವರ್ಷ ವರ್ಷ ಏರುಪೇರು ಇದ್ದೇ ಇದೆ, ಆದ್ರೂ ಒಟ್ಟಾರೆ ಚಳಿಗಾಲ ಸವೀತಾ ಬಂದಿದೆ ಅಂತ ಗೊತ್ತಾಗಿದ್ದು ಈ ತಾರೀಕುಗಳಿಂದ್ಲೇ.

ನಮ್ಮೂರ ಕೆರೆ ಯಾವ್ಯಾವ ವರ್ಷ ಯಾವತ್ತು ಕೋಡಿ ಬಿತ್ತು ಅಂತ ಕೇಳಿದ್ರೆ ಯಾರ ಹತ್ರ ಇದೆ ಲೆಕ್ಕ? ನಾನು ಹುಡುಗ ಆಗಿದ್ದಾಗಿನ ನೀರಗಂಟಿಗೆ ಎಲ್ಲಾ ಬಾಯಲ್ಲೇ ಇತ್ತು, ಇಂಥ ವರ್ಷ ಗೌರಿ ಹಬ್ಬದ ಹಿಂದಿನ ದಿನ, ಇಂಥ ವರ್ಷ ಬೀಳ್ಲೇ ಇಲ್ಲ ಅಂತ, ಅವ್ನು ಹೋದ, ಲೆಕ್ಕಾನೂ ಹೋಯ್ತು. ಬಾಗಿನ ಕೊಡೋಕೆ ಬಂದ ಲೀಡರ್‌ಗಳ ಫೋಟೋ ಮಾತ್ರ ಇರುತ್ತೆ. ಅದಕ್ಕೆ ಕೇಳ್ಕೊಳ್ಳೋದು, ಮಳೆಗಾಲದಲ್ಲಿ ನಿಮ್ಮ ಪೇಪರಲ್ಲಿ ವಾರಕ್ಕೊಂದ್ಸಲ ಅಂಗೈಯಗಲ ಜಾಗ ಬಿಡಿ, ಓದುಗ್ರು ಊರ ಹೆಸ್ರು, ಕೆರೆ ಹೆಸ್ರು, ಕೋಡಿ ಬಿದ್ದ ತಾರೀಕು ಕಳಿಸ್ಲಿ, ಬೇರೇನೂ ಬೇಡ. ಬೀಳದೇ ಇದ್ರೆ ಬೀಳ್ಲಿಲ್ಲ ಅಂತ್ಲೇ ಹಾಕಿ.

ಇಲ್ಲಿನ ಸುದ್ದಿ ಹೇಳ್ತೀನಿ ಕೇಳಿ. ಬೆಳ್ಳಗಿದ್ದ ಐಸ್ ಎರಡು ವಾರದಿಂದ ಬೂದಿ ಬಣ್ಣಕ್ಕೆ ಬಂದು ಈಗ ಕಪ್ಪಗಾಗ್ತಿದೆ, ಮೇಲಿನ ಸ್ನೋ ಹೋದ್ಮೇಲೆ ಬಿಸಿಲು ಒಳಗೆ ಇಳಿಯುತ್ತೆ, ಐಸ್ ಒಳಗೊಳಗೇ ಉದ್ದುದ್ದ ಕಡ್ಡಿ ಥರ ಬಿಟ್ಕೊಳ್ಳುತ್ತೆ. ನಿನ್ನೆ ಗಾಳಿಗೆ ಅವು ಒಂದಕ್ಕೊಂದು ತಾಗಿ, ಬಳೆಗಾರನ ಮಲಾರ ಅಲ್ಲಾಡಿಸಿದ ಹಾಗೆ ಸದ್ದು, ಹತ್ತು ನಿಮಿಷ ನಿಂತು ಕೇಳಿದೆ, ಕಿವಿ ಮರಗಟ್ಟಿ ಹೋಯ್ತು. ಅಕ್ಕಪಕ್ಕದೋರು ಹೇಳೋ ಪ್ರಕಾರ ಇನ್ನೊಂದು ಜೋರು ಗಾಳಿ ಬಂದ್ರೆ ರಾತ್ರೋರಾತ್ರಿ ಕೆಲಸ ಮುಗಿಯುತ್ತಂತೆ. ಸಾಮಾನ್ಯಕ್ಕೆ ಏಪ್ರಿಲ್ ಮೊದಲ ವಾರ. ನಮ್ಮ ಟಿಕೆಟ್ ಇರೋದು 4ಕ್ಕೆ. ಮುಂದಕ್ಕೆ ಹಾಕ್ಸು ಅಂದ್ರೆ ಮಗ ಪೆನಾಲ್ಟಿ ಎಷ್ಟು ಗೊತ್ತಾ ಅಂತಾನೆ.

— ನಿಮ್ಮ ಹಳೇ ಓದುಗ, ಸದ್ಯಕ್ಕೆ ಮ್ಯಾಡಿಸನ್